ಜೋಕಾಮಾಚಿ

ಜಪಾನೀ ಭಾಷೆಯಲ್ಲಿ ‘ಜೋ’ ಎಂದರೆ ಕೋಟೆ, ‘ಕಾ’ ಎಂದರೆ ಕೆಳಗೆ, ‘ಮಾಚಿ’ ಎಂದರೆ ಪೇಟೆ. ಮೂರೂ ಕೂಡಿ ಜೋಕಾಮಾಚಿ, ಅರ್ಥಾತ್ ದುರ್ಗದಡಿಯಲ್ಲಿ ನೆಲಸಿದ ಪಟ್ಟಣ. ಹಳ್ಳಿಗಳಲ್ಲಿ ಚದುರಿದ್ದ ಸಮುರಾಯ್ ಯೋಧರನ್ನು ಪ್ರಭುಗಳು ತಮ್ಮ ಕಣ್ಣಳವಿಗೆ ಕರೆತಂದು ನೆಲೆಗೊಳಿಸಿ, ವರ್ತಕರಿಗೂ ಕುಶಲಕರ್ಮಿಗಳಿಗೂ ಬೇರೆ ಕೇರಿಗಳನ್ನು ವಿಧಿಸಿದುದರಿಂದ ಇದು ರೂಪುಗೊಂಡಿತು. ಕಮ್ಮಾರರ ಕೇರಿಗೆ ‘ಕಾಜಿಮಾಚಿ’ ಎಂಬ ಹೆಸರು ಎಷ್ಟೋ ಊರುಗಳಲ್ಲಿ ಇಂದಿಗೂ ಉಳಿದಿದೆ.

ಯಮಾಗುಚಿ ಪ್ರಾಂತದ ಹಾಗಿ ಪಟ್ಟಣವು ಇದಕ್ಕೆ ಉತ್ಕೃಷ್ಟ ನಿದರ್ಶನ. ಅಲ್ಲಿನ ಪ್ರಭು ಮೋರಿ ತೆರುಮೋತೊ 1604ರಲ್ಲಿ ಕಟ್ಟಿಸತೊಡಗಿದ ಕೋಟೆಯನ್ನು 1874ರಲ್ಲಿ ಕೆಡವಿದರಾದರೂ, ವೈರಿಯ ದೃಷ್ಟಿಗೆ ಅಡ್ಡವಾಗುವಂತೆ ಥಟ್ಟನೆ ತಿರುಗುವ ಓಣಿಗಳು ಅಲ್ಲಿ ಹಾಗೆಯೇ ಇವೆ. ವೃತ್ತಿಯನ್ನು ಕಳೆದುಕೊಂಡ ಸಮುರಾಯ್ ಮನೆತನಗಳು ಜೀವನೋಪಾಯಕ್ಕೆಂದು ಬೆಳೆಯತೊಡಗಿದ ಹುಳಿಕಿತ್ತಳೆಯೂ ಮಣ್ಣಿನ ಗೋಡೆಗಳಾಚೆಯಿಂದ ಹೊಂಬಣ್ಣವಾಗಿ ಇಣುಕುತ್ತದೆ. ಕೋಟೆಯೇ ಅಳಿದರೂ ಜನರು ಆ ಊರನ್ನು ಜೋಕಾಮಾಚಿಯೆಂದೇ ಕರೆಯುತ್ತಾರೆ. ಹಾಗೆ ಕರೆಯುವುದೇ ಯುಕ್ತವೆಂದು ನನ್ನ ಭಾವನೆ.