ರಾಣಿಯ ಹೆಸರಿನ ಕಾಲದಲ್ಲಿ

ಬಿ.ಎ. ತರಗತಿಯಲ್ಲಿ ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ಓದಿದವರಿಗೆಲ್ಲ ಒಂದು ಪಟ್ಟಿ ಇವತ್ತಿಗೂ ನೆನಪಿರುತ್ತದೆ. ಎಲಿಜಬೆತ್ ಯುಗ, ಅಗಸ್ಟನ್ ಯುಗ, ರೊಮ್ಯಾಂಟಿಕ್ ಯುಗ, ವಿಕ್ಟೋರಿಯನ್ ಯುಗ. 1798ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ‘ಲಿರಿಕಲ್ ಬ್ಯಾಲಡ್ಸ್’ ಪ್ರಕಟಿಸಿದರು, ರೊಮ್ಯಾಂಟಿಕ್ ಯುಗ ಶುರುವಾಯಿತು. 1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಳು, ವಿಕ್ಟೋರಿಯನ್ ಯುಗ ಶುರುವಾಯಿತು. 1901ರಲ್ಲಿ ಆಕೆ ತೀರಿಕೊಂಡಳು, ಯುಗವೂ ಮುಗಿಯಿತು. ಪರೀಕ್ಷೆಗೆ ಇಷ್ಟು ಸಾಕಾಗಿತ್ತು.

ಆದರೆ ಕಾದಂಬರಿಗಳನ್ನೇ ಕೈಗೆತ್ತಿಕೊಂಡು ಓದತೊಡಗಿದರೆ ಅವು ಈ ಡಬ್ಬಿಗಳಲ್ಲಿ ಕೂರುವುದೇ ಇಲ್ಲ. ಜೇನ್ ಆಸ್ಟಿನ್ ತನ್ನ ಪುಸ್ತಕಗಳನ್ನು ಪ್ರಕಟಿಸಿದ್ದು ಅಪ್ಪಟ ರೊಮ್ಯಾಂಟಿಕ್ ಯುಗದಲ್ಲಿ. ಅವಳ ಪಾತ್ರಗಳು ಮಾತ್ರ ಬೆಟ್ಟ, ಮೋಡ, ಏಕಾಂತ ಎಂದು ಮೈಮರೆಯುವುದಿಲ್ಲ. ಯಾರಿಗೆ ವರ್ಷಕ್ಕೆ ಎಷ್ಟು ಪೌಂಡು ವರಮಾನ ಎಂದು ಲೆಕ್ಕ ಹಾಕುತ್ತವೆ. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಬಂದದ್ದು 1847ರಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬಂದು ಹತ್ತು ವರ್ಷವಾದ ಮೇಲೆ. ಅದರ ಬಿರುಗಾಳಿಯೂ ಹುಚ್ಚು ಪ್ರೀತಿಯೂ ರೊಮ್ಯಾಂಟಿಕ್ ಕವಿಗಳಿಗೇ ಹತ್ತಿರ. ಹಾಗಾದರೆ ಯುಗವನ್ನು ಅಳೆಯುವುದು ಯಾವುದರಿಂದ? ಇಷ್ಟು ವರ್ಷ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದ ಮೇಲೆ ನನಗೆ ತೋರುವುದು ಇಷ್ಟು: ಹೆಂಗಸರು ಬರೆದ ಆ ಕಾಲದ ಕಾದಂಬರಿಗಳನ್ನು ಓದುವಾಗ ಸಿಂಹಾಸನದ ಮೇಲೆ ಯಾರಿದ್ದರು ಎಂಬುದಕ್ಕಿಂತ, ಮನೆ ಯಾರ ಹೆಸರಿನಲ್ಲಿತ್ತು, ದುಡಿದ ದುಡ್ಡು ಯಾರ ಕೈ ಸೇರುತ್ತಿತ್ತು ಎಂದು ನೋಡಬೇಕು. ಆಗ ಪುಸ್ತಕ ತಾನಾಗಿಯೇ ತೆರೆದುಕೊಳ್ಳುತ್ತದೆ.

ಜೇನ್ ಆಸ್ಟಿನ್ ಹುಟ್ಟಿದ್ದು 1775ರಲ್ಲಿ, ಹ್ಯಾಂಪ್‌ಶೈರಿನ ಸ್ಟೀವನ್‌ಟನ್ ಎಂಬ ಹಳ್ಳಿಯ ಪಾದ್ರಿಯ ಮನೆಯಲ್ಲಿ. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಅಣ್ಣತಮ್ಮಂದಿರ ನೆರವಿನ ಮೇಲೆ ಊರಿಂದೂರಿಗೆ ಅಲೆದರು. ಶ್ರೀಮಂತ ಬಂಧುಗಳಿಗೆ ದತ್ತು ಹೋಗಿದ್ದ ಅಣ್ಣ ಎಡ್ವರ್ಡ್ 1809ರಲ್ಲಿ ಚಾಟನ್ ಎಂಬಲ್ಲಿ ಒಂದು ಮನೆ ಬಿಟ್ಟುಕೊಟ್ಟ. ತಲೆಯ ಮೇಲೊಂದು ಸೂರು ಖಾತ್ರಿಯಾದ ಮೇಲೆಯೇ ಅವಳ ಕಾದಂಬರಿಗಳು ಒಂದೊಂದಾಗಿ ಹೊರಬಂದದ್ದು. 1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಬಂತು. ಮುಖಪುಟದಲ್ಲಿ ಲೇಖಕಿಯ ಹೆಸರಿರಲಿಲ್ಲ, ‘ಒಬ್ಬ ಮಹಿಳೆ’ ಎಂದಷ್ಟೇ ಇತ್ತು. 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕೃತಿಯ ಹಕ್ಕನ್ನು ಅವಳು 110 ಪೌಂಡಿಗೆ ಪ್ರಕಾಶಕನಿಗೆ ಮಾರಿದಳು. 1817ರಲ್ಲಿ, 41ನೆಯ ವಯಸ್ಸಿಗೆ ತೀರಿಕೊಂಡಾಗ ವಿಂಚೆಸ್ಟರ್ ಕೆಥೆಡ್ರಲಿನಲ್ಲಿ ಹಾಸಿದ ಕಲ್ಲಿನ ಮೇಲೆ ಅವಳ ಗುಣಗಳನ್ನೆಲ್ಲ ಕೆತ್ತಿಸಿದರು. ಕಾದಂಬರಿ ಬರೆದಳೆಂಬುದನ್ನು ಕೆತ್ತಿಸಲಿಲ್ಲ.

‘ಪ್ರೈಡ್ ಅಂಡ್ ಪ್ರೆಜುಡಿಸ್’ ಓದಿದವರೆಲ್ಲ ಮಿಸೆಸ್ ಬೆನೆಟ್‌ಳನ್ನು ಕಂಡು ನಗುತ್ತಾರೆ. ಮದುವೆ, ಮದುವೆ ಎಂದು ಬಡಬಡಿಸುವ ತಾಯಿ ಅವಳು. ಆದರೆ ಆ ಮನೆಯ ಸ್ಥಿತಿಯನ್ನು ನೋಡಿ. ಯಜಮಾನನಿಗೆ ವರ್ಷಕ್ಕೆ 2,000 ಪೌಂಡು ವರಮಾನವಿದೆ, ಐದು ಹೆಣ್ಣುಮಕ್ಕಳಿದ್ದಾರೆ, ಗಂಡುಮಕ್ಕಳಿಲ್ಲ. ಆಸ್ತಿ ಗಂಡು ವಾರಸುದಾರನಿಗೇ ಹೋಗಬೇಕೆಂಬ ಕಟ್ಟಳೆಗೆ ಒಳಪಟ್ಟದ್ದು. ಯಜಮಾನ ಕಣ್ಣು ಮುಚ್ಚಿದ ದಿನ ದೂರದ ನೆಂಟ ಕಾಲಿನ್ಸ್ ಬಂದು ಮನೆಯ ಬೀಗದ ಕೈ ಕೇಳಬಹುದು. ಐದು ಹೆಣ್ಣು ಹೆತ್ತ ತಾಯಿಗೆ ರಾತ್ರಿ ನಿದ್ದೆ ಹೇಗೆ ಬಂದೀತು? ಪುಸ್ತಕದ ಕೋಣೆಯಲ್ಲಿ ಕುಳಿತು ಹೆಂಡತಿಯನ್ನು ಹಾಸ್ಯ ಮಾಡುವ ಬೆನೆಟ್‌ನಿಗಿಂತ ಅವಳಿಗೇ ವಾಸ್ತವ ಹೆಚ್ಚು ಗೊತ್ತಿತ್ತು ಎಂದರೆ ತಪ್ಪಾಗಲಾರದು. ಇಪ್ಪತ್ತೇಳು ವರ್ಷದ ಷಾರ್ಲೆಟ್ ಲ್ಯೂಕಸ್ ಅದೇ ಕಾಲಿನ್ಸ್‌ನನ್ನು ಕಣ್ತೆರೆದೇ ಮದುವೆಯಾಗುತ್ತಾಳೆ. ಅವಳಿಗೆ ಬೇಕಿದ್ದದ್ದು ಒಂದು ಮನೆ. ಇದನ್ನು ಪ್ರೇಮಕಥೆ ಎಂದಷ್ಟೇ ಓದಿ ಮುಗಿಸಿದರೆ ಅರ್ಧ ಪುಸ್ತಕ ಕೈತಪ್ಪಿಹೋಗುತ್ತದೆ.

ಮದುವೆಯೂ ಇಲ್ಲ, ಆಸ್ತಿಯೂ ಇಲ್ಲ ಎಂದಾದರೆ ಓದಿದ ಹೆಣ್ಣುಮಗಳಿಗೆ ಆಗ ಮರ್ಯಾದೆಯ ದಾರಿಯೆಂದು ಉಳಿದಿದ್ದದ್ದು ಹೆಚ್ಚುಕಡಿಮೆ ಒಂದೇ, ಗವರ್ನೆಸ್ ಕೆಲಸ. ಅಂದರೆ ಉಳ್ಳವರ ಮನೆಯಲ್ಲೇ ಉಳಿದು ಮಕ್ಕಳಿಗೆ ಪಾಠ ಹೇಳುವುದು. ಯಾರ್ಕ್‌ಶೈರಿನ ಹಾವರ್ತ್ ಎಂಬ ಊರಿನ ಪಾದ್ರಿಯ ಮಗಳು ಷಾರ್ಲೆಟ್ ಬ್ರಾಂಟೆ ಆ ಕೆಲಸ ಮಾಡಿದಳು. 1841ರಲ್ಲಿ ಒಂದು ಮನೆಯಲ್ಲಿ ಅವಳ ಸಂಬಳ ವರ್ಷಕ್ಕೆ 20 ಪೌಂಡು. ಅದರಲ್ಲಿ ಬಟ್ಟೆ ಒಗೆಸಿದ ಬಾಬ್ತು 4 ಪೌಂಡು ಮುರಿದುಕೊಂಡರೆ ಕೈಗೆ ಬರುತ್ತಿದ್ದದ್ದು 16. ಇದನ್ನು ಮೊದಲು ಓದಿದಾಗ ಶಿಕ್ಷಕಿಯಾದ ನನಗೆ ಹೊಟ್ಟೆಯೊಳಗೆ ಏನೋ ತಿರುವಿದಂತಾಯಿತು. ಅವಳ ನಾಯಕಿ ಜೇನ್ ಏರ್‌ಳಿಗೆ ಥಾರ್ನ್‌ಫೀಲ್ಡ್ ಮನೆಯಲ್ಲಿ ಸಿಗುವುದು 30 ಪೌಂಡು. ಲೇಖಕಿ ತನಗೆ ಸಿಕ್ಕಿದ್ದಕ್ಕಿಂತ ಹೆಚ್ಚನ್ನೇ ತನ್ನ ನಾಯಕಿಗೆ ಕೊಟ್ಟಿದ್ದಾಳೆ.

ಆ ಕಾಲದಲ್ಲಿ ಹೊಸ ಕಾದಂಬರಿ ಸಾಮಾನ್ಯವಾಗಿ ಮೂರು ಸಂಪುಟಗಳಲ್ಲಿ ಬರುತ್ತಿತ್ತು. ಬೆಲೆ ಮೂವತ್ತೊಂದೂವರೆ ಷಿಲ್ಲಿಂಗ್. ಪೌಂಡಿಗೆ 20 ಷಿಲ್ಲಿಂಗ್‌ನಂತೆ ಲೆಕ್ಕ ಹಾಕಿದರೆ ಜೇನ್ ಏರ್‌ಳ ತಿಂಗಳ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಕಾದಂಬರಿಗೇ ಹೋಗುತ್ತಿತ್ತು. ಷಾರ್ಲೆಟ್‌ಳ ಕೈಗೆ ಬರುತ್ತಿದ್ದ ತಿಂಗಳ ಹಣವಂತೂ ಸಾಲುತ್ತಲೇ ಇರಲಿಲ್ಲ. ಹಾಗಾಗಿ ಓದುವವರು ಬಾಡಿಗೆ ಗ್ರಂಥಾಲಯಗಳನ್ನು ನಂಬಿಕೊಂಡಿದ್ದರು. 1842ರಲ್ಲಿ ಚಾರ್ಲ್ಸ್ ಎಡ್ವರ್ಡ್ ಮ್ಯೂಡಿ ಎಂಬಾತ ಶುರುಮಾಡಿದ ಗ್ರಂಥಾಲಯಕ್ಕೆ ವರ್ಷಕ್ಕೆ ಒಂದು ಗಿನಿ, ಅಂದರೆ 21 ಷಿಲ್ಲಿಂಗ್, ಚಂದಾ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ ಸಿಗುತ್ತಿತ್ತು. ಮೂರು ಸಂಪುಟವಿದ್ದರೆ ಒಂದೇ ಕಾದಂಬರಿಯನ್ನು ಮೂರು ಮನೆಗೆ ಒಟ್ಟಿಗೆ ಕೊಡಬಹುದಲ್ಲ! ನಮ್ಮ ಊರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕಾದಂಬರಿಗಾಗಿ ಸರದಿ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯ ಹೆಣ್ಣುಮಕ್ಕಳು ಓದಬಾರದ್ದು ಎಂದು ತೋರಿದ ಪುಸ್ತಕವನ್ನು ಮ್ಯೂಡಿ ತರಿಸುತ್ತಿರಲಿಲ್ಲ. ಹೆಂಗಸರು ಏನು ಓದಬೇಕೆಂಬುದನ್ನು ಒಬ್ಬ ವ್ಯಾಪಾರಿ ತೀರ್ಮಾನಿಸುತ್ತಿದ್ದ ಎಂದಾಯಿತು. ಮೂರು ಸಂಪುಟದ ಪದ್ಧತಿ ಮುರಿದುಬಿದ್ದದ್ದು 1894ರ ನಂತರವೇ.

ಇಂಥ ಪೇಟೆಗೆ ಬ್ರಾಂಟೆ ಅಕ್ಕತಂಗಿಯರು ಗಂಡಸರೋ ಹೆಂಗಸರೋ ತಿಳಿಯದಂಥ ಹೆಸರಿಟ್ಟುಕೊಂಡು ಬಂದರು: ಕರರ್ ಬೆಲ್, ಎಲ್ಲಿಸ್ ಬೆಲ್, ಆಕ್ಟನ್ ಬೆಲ್. 1846ರಲ್ಲಿ ತಂದ ಕವನ ಸಂಕಲನ ಮೊದಲ ವರ್ಷ ಮಾರಾಟವಾದದ್ದು ಎರಡೇ ಪ್ರತಿ. ಮರುವರ್ಷ ‘ಜೇನ್ ಏರ್’ ಬಂದು ಊರೆಲ್ಲ ಮಾತಾಯಿತು. ಮೂವರೂ ಒಬ್ಬನೇ ಲೇಖಕನೆಂಬ ಗುಲ್ಲೆದ್ದಾಗ 1848ರ ಜುಲೈಯಲ್ಲಿ ಷಾರ್ಲೆಟ್ ಮತ್ತು ಆ್ಯನ್ ಲಂಡನ್ನಿಗೆ ಹೋಗಿ ಪ್ರಕಾಶಕನೆದುರು ನಿಂತು ತಾವು ಬೇರೆ ಬೇರೆಯವರೆಂದು ತೋರಿಸಿಕೊಡಬೇಕಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಎಮಿಲಿ ತೀರಿಕೊಂಡಳು, 1849ರ ಮೇ ತಿಂಗಳಲ್ಲಿ ಆ್ಯನ್.

ಮೂವರಲ್ಲಿ ಕಿರಿಯವಳಾದ ಈ ಆ್ಯನ್‌ಳ ಹೆಸರು ನಮ್ಮ ಪಠ್ಯಗಳಲ್ಲಿ ಕಾಣಿಸುವುದೇ ಅಪರೂಪ. 1848ರಲ್ಲಿ ಬಂದ ಅವಳ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ ಕಾದಂಬರಿಯ ಹೆಲೆನ್ ಕುಡುಕ ಗಂಡನನ್ನು ಬಿಟ್ಟು, ಎಳೆಯ ಮಗನನ್ನು ಕರೆದುಕೊಂಡು ಓಡಿಹೋಗಿ, ಸುಳ್ಳು ಹೆಸರಿನಲ್ಲಿ ಚಿತ್ರ ಬರೆದು ಮಾರಿ ಬದುಕುತ್ತಾಳೆ. ಮಗನಿಗೂ ಅಪ್ಪ ಕುಡಿತ ಕಲಿಸುತ್ತಿದ್ದದ್ದೇ ಅವಳಿಗೆ ಸಹಿಸಲಾಗದ್ದು. ಒಮ್ಮೆ ಗಂಡ ಅವಳ ದಿನಚರಿಯನ್ನು ಕಿತ್ತು ಓದಿ, ಓಡಿಹೋಗುವ ಯೋಚನೆ ತಿಳಿದು, ಬಣ್ಣ ಕುಂಚಗಳನ್ನು ಬೆಂಕಿಗೆ ಹಾಕುತ್ತಾನೆ. ಕಥೆ ನಡೆಯುವ 1820ರ ದಶಕದ ಕಾನೂನಿನಂತೆ ಮಗ ಅಪ್ಪನಿಗೆ ಸೇರಿದವನು. ಅವಳು ಚಿತ್ರ ಮಾರಿ ಗಳಿಸಿದ ಹಣವೂ ಗಂಡನದೇ. ಹೆಲೆನ್ ಸುಳ್ಳು ಹೆಸರಿಟ್ಟುಕೊಂಡದ್ದು ಯಾಕೆಂದು ಈಗ ತಿಳಿಯುತ್ತದೆ.

ಇದು ಬರೀ ಕಲ್ಪನೆಯಾಗಿರಲಿಲ್ಲ. ನಾಟಕಕಾರ ಷೆರಿಡನ್‌ನ ಮೊಮ್ಮಗಳು ಕ್ಯಾರೊಲಿನ್ ನಾರ್ಟನ್ ಕೂಡ ಬರೆದು ಸಂಪಾದಿಸುತ್ತಿದ್ದ ಹೆಂಗಸು. 1836ರಲ್ಲಿ ಗಂಡನಿಂದ ಬೇರೆಯಾದಾಗ ಅವಳ ಮೂವರು ಗಂಡುಮಕ್ಕಳನ್ನು ಗಂಡ ತನ್ನ ವಶದಲ್ಲಿಟ್ಟುಕೊಂಡ, ಮುಂದೆ ಅವಳ ಬರಹದ ಹಣವೂ ತನ್ನದೆಂದ. ಕಾನೂನು ಅವನ ಕಡೆಗಿತ್ತು. ಅವಳು ಕೈಕಟ್ಟಿ ಕೂರದೆ ಕರಪತ್ರ ಬರೆದಳು, ಸಂಸತ್ ಸದಸ್ಯರ ಬೆನ್ನು ಹತ್ತಿದಳು. 1839ರಲ್ಲಿ ಬಂದ ಕಾಯಿದೆಯಿಂದ ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ತಾಯಿ ನ್ಯಾಯಾಲಯವನ್ನು ಕೇಳಬಹುದೆಂದಾಯಿತು. ಮದುವೆಯಾದ ಹೆಂಗಸು ದುಡಿದ ಸಂಬಳ ಅವಳದೇ ಎಂದು ಕಾನೂನು ಒಪ್ಪಿದ್ದು 1870ರಲ್ಲಿ. ಎಲ್ಲ ಬಗೆಯ ಆಸ್ತಿಯೂ ಅವಳದೇ ಆಗಿ ಉಳಿಯಬಹುದೆಂದು ಒಪ್ಪಿದ್ದು 1882ರ ಕಾಯಿದೆಯಲ್ಲಿ.

ಈ ಇಸವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ‘ಜೇನ್ ಏರ್’ ಕೊನೆಯನ್ನು ಮತ್ತೊಮ್ಮೆ ಓದಿ. ಚಿಕ್ಕಪ್ಪನಿಂದ ಬಂದ 20,000 ಪೌಂಡನ್ನು ಜೇನ್ ನಾಲ್ಕು ಪಾಲು ಮಾಡಿ, ತನ್ನ ಪಾಲಿನ 5,000 ಇಟ್ಟುಕೊಂಡು, ಯಾರ ಹಂಗೂ ಇಲ್ಲದ ಹೆಣ್ಣಾಗಿ ರಾಚೆಸ್ಟರ್‌ನ ಬಳಿಗೆ ಬರುತ್ತಾಳೆ. ಓದುಗರಿಗೆ ಸಮಾಧಾನ. ಆದರೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಮದುವೆಯಾದ ಗಳಿಗೆಯಲ್ಲೇ ಆ ಹಣ ಕಾನೂನಿನ ಪ್ರಕಾರ ರಾಚೆಸ್ಟರ್‌ನದಾಗುತ್ತಿತ್ತು. ಷಾರ್ಲೆಟ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1854ರಲ್ಲಿ ತಾನು ಮದುವೆಯಾಗುವ ಮುಂಚೆ ತನ್ನ ಗಳಿಕೆಯನ್ನು ಪ್ರತ್ಯೇಕವಾಗಿಡುವ ಕರಾರು ಮಾಡಿಸಿದಳು. ಮರುವರ್ಷವೇ ತೀರಿಕೊಂಡಳೆಂಬುದು ಬೇರೆ ಮಾತು.

ಇಷ್ಟೆಲ್ಲ ನಡೆಯುವಾಗ ಸಿಂಹಾಸನದ ಮೇಲಿದ್ದವಳು ಹೆಂಗಸು! ಕಾಯಿದೆ ಬಂದ ಅದೇ 1870ರಲ್ಲಿ ವಿಕ್ಟೋರಿಯಾ ಬರೆದ ಒಂದು ಪತ್ರದಲ್ಲಿ ಹೆಂಗಸರ ಹಕ್ಕುಗಳ ಮಾತನ್ನು ಹುಚ್ಚು ಎಂದು ಜರೆದಿದ್ದಾಳೆ. ಅವಳ ಹೆಸರಿನ ಯುಗದಲ್ಲೇ ಮೇರಿ ಆ್ಯನ್ ಇವಾನ್ಸ್ ಎಂಬ ಹೆಂಗಸು ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಬರೆದಳು. 1871ರ ಡಿಸೆಂಬರಿನಿಂದ ಒಂದು ವರ್ಷ, ಎಂಟು ಕಂತುಗಳಲ್ಲಿ ಬಂದ ಅವಳ ‘ಮಿಡ್ಲ್‌ಮಾರ್ಚ್’ ಕಾದಂಬರಿಯಲ್ಲಿ ಮುದಿ ವಿದ್ವಾಂಸ ಕಸಾಬನ್ ಸಾಯುವ ಮುಂಚೆ ಉಯಿಲಿಗೆ ಒಂದು ಷರತ್ತು ಸೇರಿಸುತ್ತಾನೆ: ಹೆಂಡತಿ ಡೊರೊತಿಯ ತನ್ನ ನೆಂಟ ಲ್ಯಾಡಿಸ್ಲಾನನ್ನು ಮದುವೆಯಾದರೆ ತನ್ನ ಆಸ್ತಿ ಅವಳಿಗಿಲ್ಲ. ಸತ್ತ ಮೇಲೂ ಹೆಂಡತಿಯ ಕೈಹಿಡಿದು ಜಗ್ಗುವ ಗಂಡ ಅವನು. ಡೊರೊತಿಯ ಆ ಆಸ್ತಿಯನ್ನು ಬಿಟ್ಟು ಎದ್ದುಬರುತ್ತಾಳೆ. ಅವಳಿಗೆ ಅದು ಸಾಧ್ಯವಾದದ್ದು ಧೈರ್ಯದಿಂದ ಹೌದು, ಜೊತೆಗೆ ತೌರಿನ ಕಡೆಯಿಂದ ವರ್ಷಕ್ಕೆ 700 ಪೌಂಡು ಅವಳದೇ ಎಂದು ಇದ್ದುದರಿಂದಲೂ ಹೌದು. ಈ ಎರಡನೆಯ ಕಾರಣವನ್ನು ನಾವು ಪರೀಕ್ಷೆಯ ಉತ್ತರದಲ್ಲಿ ಬರೆಯುತ್ತಿರಲಿಲ್ಲ.

ಇದೆಲ್ಲ ಆ ದೇಶದ ಕಥೆ, ನಮಗೇನು ಎನ್ನಬೇಡಿ. ಅಲ್ಲಿಯ ಕಾದಂಬರಿ ಓದುತ್ತ ಇಲ್ಲಿಯ ಇಸವಿಗಳನ್ನು ಪಕ್ಕಕ್ಕೆ ಬರೆದುಕೊಳ್ಳುವುದು ನನ್ನ ಅಭ್ಯಾಸ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದದ್ದು 1933ರಲ್ಲಿ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ. ಅಷ್ಟರೊಳಗೆ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಆ ಭೇದ ಹೋದದ್ದು 2005ರ ಕೇಂದ್ರದ ತಿದ್ದುಪಡಿಯಿಂದ. ಕಾಯಿದೆ ಬಂದ ಮಾತ್ರಕ್ಕೆ ಎಲ್ಲವೂ ಆಯಿತೇ? ನನ್ನ ಸೋದರತ್ತೆ ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಟೀಚರಾಗಿದ್ದರು. ತಿಂಗಳ ಮೊದಲ ದಿನ ಸಂಬಳವನ್ನು ತಂದು ಮನೆಯ ಯಜಮಾನರ ಕೈಗಿಟ್ಟು, ಮರುದಿನ ಬಸ್ ಚಾರ್ಜಿಗೆ ಅವರನ್ನೇ ಕೇಳುತ್ತಿದ್ದರು. ಯಾವ ಕಾನೂನೂ ಹಾಗೆ ಮಾಡೆಂದು ಅವರಿಗೆ ಹೇಳಿರಲಿಲ್ಲ. ಅವರು ಇಂಗ್ಲಿಷ್ ಕಾದಂಬರಿ ಓದಿದವರಲ್ಲ. ನಾನು ಹೆಲೆನ್‌ಳ ಕಥೆ ಹೇಳಿದಾಗ ಸುಮ್ಮನೆ ಕೇಳಿ, “ಚಿತ್ರ ಮಾರಿದ ದುಡ್ಡನ್ನ ಎಲ್ಲಿ ಬಚ್ಚಿಡ್ತಿದ್ಲೇ ಅವಳು?” ಎಂದು ಕೇಳಿದರು. ಎಂ.ಎ. ಓದಿದವರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿದ್ದನ್ನು ನಾನು ಕಾಣೆ.

ಈಗ ಕಾಲೇಜಿಗೆ ಹೋಗುವ ಹುಡುಗಿಯರು ಮನೆಗೆ ಬಂದು, “ಮಿಸ್, ವಿಕ್ಟೋರಿಯನ್ ಯುಗದ ಲಕ್ಷಣಗಳನ್ನು ಹೇಳಿ” ಎಂದರೆ ನೋಟ್ಸಿನಲ್ಲಿರುವುದನ್ನೂ ಹೇಳಿಕೊಡುತ್ತೇನೆ, ಅಂಕ ಬರಬೇಕಲ್ಲ. ಆಮೇಲೆ ಕಾದಂಬರಿಯನ್ನೇ ತೆಗೆಸಿ, ಈ ಮನೆ ಯಾರದು, ಈ ಹೆಣ್ಣಿಗೆ ವರ್ಷಕ್ಕೆ ಎಷ್ಟು ಬರುತ್ತದೆ, ಅದನ್ನು ಖರ್ಚು ಮಾಡಲು ಅವಳು ಯಾರನ್ನು ಕೇಳಬೇಕು ಎಂದು ಹುಡುಕಿ ಬರೆಯಲು ಹೇಳುತ್ತೇನೆ. ಮೊದಲು ಮುಖ ಮುಖ ನೋಡಿಕೊಳ್ಳುತ್ತಾರೆ. ನಾಲ್ಕು ಅಧ್ಯಾಯ ದಾಟುವಷ್ಟರಲ್ಲಿ ಪೆನ್ಸಿಲ್ ಹಿಡಿದು ಗೆರೆ ಎಳೆಯತೊಡಗುತ್ತಾರೆ. ನಿಮ್ಮ ಮನೆಯ ಬೀರುವಿನಲ್ಲೂ ಹಳೆಯ ಪಠ್ಯವಾಗಿ ಉಳಿದ ಇಂಥದೊಂದು ಕಾದಂಬರಿ ಇದ್ದೀತು. ಧೂಳು ಕೊಡವಿ ತೆಗೆಯಿರಿ. ಈ ಸಲ ಪರೀಕ್ಷೆಯ ಭಯವಿಲ್ಲ.