ಕಟಕಟೆ ಏರಿದ ಮನಸ್ಸು

ಮನಃಶಾಸ್ತ್ರ ಓದುತ್ತೇನೆ ಎಂದು ಮನೆಯಲ್ಲಿ ಹೇಳುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಎದುರಾಗುತ್ತವೆ. 'ಅಂದರೆ ಹುಚ್ಚಾಸ್ಪತ್ರೆಯ ಡಾಕ್ಟರ್ ಆಗುತ್ತೀಯಾ?' ಎಂಬುದು ಒಂದು. 'ಹಾಗಾದರೆ ಈಗ ನನ್ನ ಮನಸ್ಸಿನಲ್ಲಿ ಏನಿದೆ ಹೇಳು ನೋಡೋಣ' ಎಂಬುದು ಇನ್ನೊಂದು. ಮೊದಲನೆಯದು ತಿಳಿವಳಿಕೆಯ ಕೊರತೆ. ಎರಡನೆಯದು ಹಾಗಲ್ಲ. ಅದೇ ಪ್ರಶ್ನೆಯನ್ನು ಪೊಲೀಸರೂ ನ್ಯಾಯಾಲಯಗಳೂ ನೂರು ವರ್ಷಗಳಿಂದ ಈ ವಿಜ್ಞಾನಕ್ಕೆ ಕೇಳುತ್ತಾ ಬಂದಿವೆ. ಅದರ ಒಂದು ಮುಖ್ಯ ಉತ್ತರ ಹೊರಬಿದ್ದದ್ದು ಕರ್ನಾಟಕದ ಹೆಸರು ಹೊತ್ತ ಮೊಕದ್ದಮೆಯಲ್ಲಿ.

ಕಥೆ ಆರಂಭವಾಗುವುದು ಶಾಲೆಯಿಂದ. 1896ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶಿಕ್ಷಕಿಯೊಬ್ಬರು, ಕಾಗುಣಿತವೇ ಬಾರದ ಹುಡುಗನೊಬ್ಬನ ಸಮಸ್ಯೆಯನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಲೈಟ್ನರ್ ವಿಟ್ಮರ್ ಅವರ ಮುಂದಿಟ್ಟರು. ವಿಟ್ಮರ್ ಹುಡುಗನನ್ನು ಪರೀಕ್ಷಿಸಿದಾಗ ಅವನ ದೃಷ್ಟಿಯಲ್ಲಿ ದೋಷ ಕಂಡುಬಂತು. ಕನ್ನಡಕದ ಜೊತೆಗೆ ವಿಶೇಷ ಪಾಠದ ಏರ್ಪಾಡೂ ಆಯಿತು. ಅದೇ ವರ್ಷ ವಿಟ್ಮರ್ ತೆರೆದ ಕ್ಲಿನಿಕ್ಕನ್ನು ಜಗತ್ತಿನ ಮೊದಲ ಮನೋವೈಜ್ಞಾನಿಕ ಚಿಕಿತ್ಸಾಲಯವೆಂದು ಗುರುತಿಸುತ್ತಾರೆ. 'ಚಿಕಿತ್ಸಾ ಮನೋವಿಜ್ಞಾನ' ಎಂಬ ಹೆಸರನ್ನು 1907ರಲ್ಲಿ ತಮ್ಮ ಪತ್ರಿಕೆಯ ಮೂಲಕ ಚಲಾವಣೆಗೆ ತಂದವರೂ ಅವರೇ.

ನಮ್ಮ ನಾಡಿನಲ್ಲಿ ಈ ವಿಷಯಕ್ಕೆ ನೆಲೆ ಸಿಕ್ಕಿದ್ದು ಮೈಸೂರು ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ 1924ರಲ್ಲಿ ಆರಂಭವಾದ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಗೋಪಾಲಸ್ವಾಮಿಯವರೂ ಇವರೇ. ಪ್ರಸಾರ ಕ್ಷೇತ್ರದಲ್ಲಿರುವ ನಮಗೆ ಅವರು ಎರಡು ರೀತಿಯಲ್ಲಿ ಹಿರಿಯರು. ಮುಂದೆ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. 1955ರಲ್ಲಿ ಅಲ್ಲಿ ವೈದ್ಯಕೀಯ ಮನಃಶಾಸ್ತ್ರದ ಡಿಪ್ಲೊಮಾ ತರಗತಿ ಆರಂಭವಾಯಿತು. 1974ರಲ್ಲಿ ಆ ಸಂಸ್ಥೆ ಸರ್ಕಾರಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ಇಂದಿನ ನಿಮ್ಹಾನ್ಸ್ ಆಯಿತು.

ಇತ್ತ ನ್ಯಾಯಾಲಯದ ಕಡೆಯೂ ಮನೋವಿಜ್ಞಾನ ಹೆಜ್ಜೆ ಇಟ್ಟಿತ್ತು. 1901ರಲ್ಲಿ ಬರ್ಲಿನ್ನಿನ ನ್ಯಾಯಶಾಸ್ತ್ರದ ತರಗತಿಯೊಂದರಲ್ಲಿ ಇದ್ದಕ್ಕಿದ್ದಂತೆ ಇಬ್ಬರಿಗೆ ಜಗಳ ಹತ್ತಿತು, ಪಿಸ್ತೂಲೂ ಹೊರಬಂತು. ಅದು ಪ್ರಾಧ್ಯಾಪಕ ಫ್ರಾನ್ಸ್ ಫಾನ್ ಲಿಸ್ಟ್ ಮೊದಲೇ ಏರ್ಪಡಿಸಿದ್ದ ನಾಟಕ. ನಂತರ ವಿದ್ಯಾರ್ಥಿಗಳಿಂದ ಹೇಳಿಕೆ ಪಡೆದಾಗ, ಎಲ್ಲರ ಹೇಳಿಕೆಯಲ್ಲೂ ತಪ್ಪುಗಳಿದ್ದವು. ಕಣ್ಣಾರೆ ಕಂಡವರು ನಡೆದದ್ದನ್ನು ಬಿಟ್ಟಿದ್ದರು, ನಡೆಯದ್ದನ್ನು ಸೇರಿಸಿದ್ದರು. ಅವರಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿದವರಲ್ಲ. ಕ್ಯಾಮೆರಾದಲ್ಲಿ ಹಿಡಿದ ದೃಶ್ಯವನ್ನು ನಾವು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದರೂ ಅದು ಬದಲಾಗದು. ನೆನಪು ಮಾತ್ರ ಪ್ರತಿ ಸಲವೂ ಅಷ್ಟಿಷ್ಟು ಹೊಸದಾಗಿ ಹೆಣೆದುಕೊಳ್ಳುತ್ತದೆ. ನ್ಯಾಯ ಮನೋವಿಜ್ಞಾನದ ಮೊದಲ ಪಾಠ ಇದು.

ಆದರೆ ಪೊಲೀಸರಿಗೂ ಪತ್ರಿಕೆಗಳಿಗೂ ಹೆಚ್ಚು ರುಚಿಸಿದ್ದು 'ಸುಳ್ಳು ಹಿಡಿಯುವ ಯಂತ್ರ'. ಹಾರ್ವರ್ಡ್‌ನಲ್ಲಿ ಓದಿದ ವಿಲಿಯಂ ಮಾರ್ಸ್ಟನ್, ಸುಳ್ಳು ಹೇಳುವಾಗ ರಕ್ತದೊತ್ತಡ ಏರುತ್ತದೆಂದು ವಾದಿಸಿ ಒಂದು ಪರೀಕ್ಷೆ ರೂಪಿಸಿದರು. ವೈಜ್ಞಾನಿಕ ವಲಯದ ಒಪ್ಪಿಗೆ ಇನ್ನೂ ದೊರೆತಿಲ್ಲವೆಂಬ ಕಾರಣಕ್ಕೆ 1923ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮುಂದೆ ಇದೇ ಮಾರ್ಸ್ಟನ್ 'ವಂಡರ್ ವುಮನ್' ಪಾತ್ರವನ್ನು ಸೃಷ್ಟಿಸಿದರು. ಆಕೆಯ ಹಗ್ಗಕ್ಕೆ ಸಿಕ್ಕವರು ನಿಜವನ್ನೇ ನುಡಿಯಬೇಕು! ನಿಜಜೀವನದಲ್ಲಿ ಅಂಥ ಹಗ್ಗವಿಲ್ಲ. ಯಂತ್ರ ಅಳೆಯುವುದು ಉಸಿರು, ನಾಡಿ, ಬೆವರು ಮಾತ್ರ. ನಿರಪರಾಧಿಯ ಎದೆಯೂ ಹೆದರಿಕೆಯಿಂದ ಹೊಡೆದುಕೊಳ್ಳಬಹುದಲ್ಲವೇ?

2000ರ ನಂತರದ ವರ್ಷಗಳಲ್ಲಿ ಮಂಪರು ಪರೀಕ್ಷೆಯಿಂದಾಗಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ಹೆಸರು ದೇಶವೆಲ್ಲ ಕೇಳಿಬಂತು. ಆರೋಪಿಯ ರಕ್ತನಾಳಕ್ಕೆ ಸೋಡಿಯಂ ಪೆಂಟೋಥಾಲ್ ಔಷಧಿ ಏರಿಸಿ, ಅರೆಪ್ರಜ್ಞೆಯಲ್ಲಿ ಪ್ರಶ್ನಿಸುವ ವಿಧಾನವದು. ಆ ಸ್ಥಿತಿಯಲ್ಲಿ ಮನುಷ್ಯ ಕಲ್ಪನೆಯನ್ನೂ ಹೇಳಬಹುದು, ಕೇಳಿದವರ ಸೂಚನೆಗೆ ತಲೆಯನ್ನೂ ಆಡಿಸಬಹುದು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2010ರ ಮೇ 5ರಂದು ತೀರ್ಪು ನೀಡಿತು: ಮಂಪರು, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಪರೀಕ್ಷೆಗಳನ್ನು ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲ. ಸಂವಿಧಾನದ 20(3)ನೇ ವಿಧಿ ಆರೋಪಿಗೆ ಮೌನದ ಹಕ್ಕು ಕೊಟ್ಟಿದೆ, 21ನೇ ವಿಧಿ ಅವನ ದೇಹ ಮನಸ್ಸುಗಳನ್ನು ಕಾಯುತ್ತದೆ. ಸ್ವಇಚ್ಛೆಯಿಂದ ಒಪ್ಪಿದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಮುಂದೆ ಪತ್ತೆಯಾದದ್ದನ್ನು ಮಾತ್ರ ಕಾನೂನಿನಂತೆ ಪರಿಗಣಿಸಬಹುದು.

ಹಾಗಾದರೆ ಈ ವೃತ್ತಿಗೆ ನ್ಯಾಯಾಲಯದಲ್ಲಿ ಕೆಲಸವಿಲ್ಲವೇ? ಧಾರಾಳವಾಗಿದೆ. ಅಪರಾಧ ನಡೆದ ಹೊತ್ತಿನಲ್ಲಿ ಆರೋಪಿಗೆ ತಾನು ಮಾಡುತ್ತಿರುವುದೇನೆಂಬ ಅರಿವಿತ್ತೇ ಎಂಬ ಪ್ರಶ್ನೆ 1860ರ ದಂಡಸಂಹಿತೆಯ 84ನೇ ಕಲಮಿನಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಲ್ಲಿದೆ. ದೌರ್ಜನ್ಯಕ್ಕೆ ಒಳಗಾದ ಮಗು ಹೆದರದೆ ಮಾತನಾಡಬೇಕು. ತಂದೆತಾಯಿ ಬೇರೆಯಾದಾಗ ಮಗುವಿನ ಹಿತ ಎಲ್ಲಿದೆ ಎಂದು ತಿಳಿಯಬೇಕು. ಸೆರೆಮನೆಯಲ್ಲಿ ಕುಗ್ಗಿಹೋದವನನ್ನು ಮಾತನಾಡಿಸಬೇಕು. ಇಲ್ಲೆಲ್ಲ ತರಬೇತಿ ಪಡೆದವರ ತಾಳ್ಮೆಯ ಕಿವಿ ಬೇಕು.

ದಾರಿ ಹೀಗಿದೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಬಂದವರು, ಔಷಧಿ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಯಾಗಲು ಮನಃಶಾಸ್ತ್ರದಲ್ಲಿ ಪದವಿ, ಸ್ನಾತಕೋತ್ತರ ಪದವಿ, ಅನಂತರ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ಅಲ್ಲಿ ನೋಂದಣಿ ಬೇಕು. ಕೋರ್ಸುಗಳ ಹೆಸರೂ ನಿಯಮವೂ ಬದಲಾಗುತ್ತಿರುವುದರಿಂದ, ಶುಲ್ಕ ಕಟ್ಟುವ ಮೊದಲು ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಿ.

ಇನ್ನು ಯಾರಾದರೂ 'ನನ್ನ ಮನಸ್ಸಿನಲ್ಲಿ ಏನಿದೆ ಹೇಳು' ಎಂದರೆ, 'ನೀವೇ ಹೇಳಿ, ಕೇಳಿಸಿಕೊಳ್ಳುತ್ತೇನೆ' ಎನ್ನಿ. ಈ ವೃತ್ತಿ ಆರಂಭವಾಗುವುದೇ ಅಲ್ಲಿಂದ.