‘ಕಾಮೆರಾ’: ಒಂದು ಲ್ಯಾಟಿನ್ ಪದದ ಕವಲುಗಳು

ಗ್ರೀಕಿನ ‘ಕಮಾರಾ’ ಎಂದರೆ ಕಮಾನಿನಾಕಾರದ ಚಾವಣಿ. ಅದು ಲ್ಯಾಟಿನ್ನಿಗೆ ‘ಕಾಮೆರಾ’ ಆಗಿ ಬಂದಾಗಲೂ ಮೊದಲು ಇದ್ದದ್ದು ಅದೇ ಅರ್ಥ. ಚಾವಣಿಯ ಹೆಸರು ಅದರಡಿಯ ಕೋಣೆಗೂ ಅಂಟಿಕೊಂಡದ್ದು ತರುವಾಯದ ಲ್ಯಾಟಿನ್ನಿನಲ್ಲಿ. ಇಂದು ಇಟಾಲಿಯನ್ನಿನಲ್ಲಿ ಈ ಪದಕ್ಕೆ ಕೋಣೆ, ಅದರಲ್ಲೂ ಮಲಗುವ ಕೋಣೆ ಎಂದರ್ಥ. ಇಂಗ್ಲಿಷಿನಲ್ಲಿ ಚಿತ್ರ ತೆಗೆಯುವ ಯಂತ್ರ. ಇಂಥ ಅಂತರವನ್ನು ಅರ್ಥವಿಸ್ತಾರ, ಅರ್ಥಸಂಕೋಚಗಳ ಲೆಕ್ಕಕ್ಕೆ ಹಾಕುವುದು ರೂಢಿ. ಆದರೆ ಪದ ಜನರ ಬಾಯಿಂದ ಬಂತೇ, ಪಂಡಿತರ ಪುಸ್ತಕದಿಂದ ಬಂತೇ ಎಂಬುದೇ ಇಲ್ಲಿ ಹೆಚ್ಚು ನಿರ್ಣಾಯಕ ಎಂದು ನನ್ನ ವಾದ.

ಇದಕ್ಕೆ ಧ್ವನಿಯೇ ಸಾಕ್ಷಿ. ಬಾಯಿಂದ ಬಾಯಿಗೆ ಸಾಗಿದ ರೂಪ ಫ್ರೆಂಚಿನ ‘ಶಾಂಬ್ರ್’. ಲ್ಯಾಟಿನ್ನಿನ ‘ಕ’ ಹಳೆಯ ಫ್ರೆಂಚಿನಲ್ಲಿ ಚಕಾರವಾಗಿ, ಮುಂದೆ ಶಕಾರವಾಯಿತು. ಹಾಡು ಎಂಬರ್ಥದ ‘ಕಂತಾರೆ’ ಇಂದು ‘ಶಾಂತೆ’ ಆಗಿರುವುದೂ ಹೀಗೆಯೇ. ನಡುವಿನ ಎಕಾರ ಬಿದ್ದುಹೋಗಿ ಮಕಾರ ರಕಾರಗಳು ಒತ್ತೊತ್ತಾದಾಗ ಉಚ್ಚಾರದ ಅನುಕೂಲಕ್ಕೆ ಬಕಾರ ನುಸುಳಿತು. ಮನುಷ್ಯ ಎಂಬರ್ಥದ ಸ್ಪ್ಯಾನಿಷ್ ‘ಓಂಬ್ರೆ’ಯಲ್ಲೂ ಬಕಾರ ಬಂದದ್ದು ಇದೇ ಬಗೆಯಲ್ಲಿ. ಚಕಾರ ಇನ್ನೂ ಶಕಾರವಾಗದಿದ್ದ ಕಾಲದಲ್ಲಿ ಇಂಗ್ಲಿಷ್ ಈ ಪದವನ್ನು ಪಡೆದದ್ದರಿಂದ ಅಲ್ಲಿ ‘ಚೇಂಬರ್’ ಉಳಿಯಿತು. ಫ್ರೆಂಚರು ಕಳೆದುಕೊಂಡ ಫ್ರೆಂಚ್ ಧ್ವನಿಯನ್ನು ಇಂಗ್ಲಿಷ್ ಕಾಪಾಡಿದೆ!

‘ಕ್ಯಾಮೆರಾ’ದ ಮೇಲೆ ಈ ಸವಕಳಿಯ ಗುರುತುಗಳಿಲ್ಲ. ಸಣ್ಣ ರಂಧ್ರದಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ಹೊರಗಿನ ದೃಶ್ಯವನ್ನು ತಲೆಕೆಳಗಾಗಿ ಮೂಡಿಸುವ ಕತ್ತಲ ಕೋಣೆಯನ್ನು ಕೆಪ್ಲರ್ 1604ರ ಲ್ಯಾಟಿನ್ ಗ್ರಂಥದಲ್ಲಿ ‘ಕಾಮೆರಾ ಒಬ್ಸ್ಕೂರಾ’ ಎಂದು ಕರೆದ. ಕೋಣೆ ಕುಗ್ಗಿ ಪೆಟ್ಟಿಗೆಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪೆಟ್ಟಿಗೆಯೊಳಕ್ಕೆ ಬೆಳಕನ್ನು ಹಿಡಿದಿಡುವ ಫಲಕ ಬಂತು. ‘ಕತ್ತಲ’ ಎಂಬ ವಿಶೇಷಣ ಕಳಚಿ, ‘ಕೋಣೆ’ ಎಂಬ ನಾಮಪದ ಮಾತ್ರ ಇಂಗ್ಲಿಷಿಗೆ ಉಳಿಯಿತು. ಇಟಾಲಿಯನ್ನರಿಗೆ ಆ ಪದ ದಿನಬಳಕೆಯ ಕೋಣೆಯೇ ಆಗಿದ್ದುದರಿಂದ ಯಂತ್ರಕ್ಕೆ ‘ಮಾಕಿನಾ ಫೋಟೊಗ್ರಾಫಿಕಾ’ ಎಂಬ ಬೇರೆ ಹೆಸರು ಬೇಕಾಯಿತು. ಸ್ಪ್ಯಾನಿಷಿನ ‘ಕಾಮರಾ’ ಮಾತ್ರ ಶಾಸನಸಭೆ, ಯಂತ್ರ, ಟೈರಿನ ಟ್ಯೂಬು ಎಲ್ಲವನ್ನೂ ಒಂದೇ ಹೆಸರಿನಡಿ ಸೇರಿಸಿಕೊಂಡಿದೆ.

ಒಂದೇ ಕೋಣೆಯಲ್ಲಿ ತಂಗುವ ಸೈನಿಕರಿಗೆ ಸಂದ ಸ್ಪ್ಯಾನಿಷ್ ಪದ ‘ಕಮರಾದಾ’. ಅದೇ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಕಾಮ್ರೇಡ್’ ಆಯಿತು. ಕಾರ್ಮಿಕರ ಮೆರವಣಿಗೆಯಲ್ಲಿ ಕೇಳುವ ‘ಕಾಮ್ರೇಡ್’ ಸಂಬೋಧನೆಯೂ ಅದನ್ನು ಚಿತ್ರೀಕರಿಸುವ ಕ್ಯಾಮೆರಾವೂ ಒಂದೇ ಬೇರಿನವು.

ಕನ್ನಡಕ್ಕೆ ತೊಡಕಾಗಿರುವುದು ನ್ಯಾಯಾಲಯದ ‘ಇನ್ ಕ್ಯಾಮೆರಾ’. ಅಲ್ಲಿ ಉಳಿದಿರುವುದು ಹಳೆಯ ಲ್ಯಾಟಿನ್ ಅರ್ಥ: ನ್ಯಾಯಾಧೀಶರ ಕೋಣೆಯೊಳಗೆ, ಸಾರ್ವಜನಿಕರನ್ನು ಹೊರಗಿಟ್ಟು ನಡೆಸುವ ವಿಚಾರಣೆ. ಅತ್ಯಾಚಾರ ಪ್ರಕರಣಗಳಲ್ಲಿ ಸಂತ್ರಸ್ತೆಯ ಮರ್ಯಾದೆ ಕಾಯಲೆಂದು ಕಾನೂನು ಕೊಟ್ಟಿರುವ ಈ ರಕ್ಷಣೆಯನ್ನು ವರದಿಗಳು ‘ಇನ್ ಕ್ಯಾಮೆರಾ ವಿಚಾರಣೆ’ ಎಂದು ಬರೆದರೆ, ಕಲಾಪದ ಚಿತ್ರೀಕರಣ ನಡೆಯುತ್ತದೆ ಎಂದು ಓದುಗರು ತಿಳಿಯುವ ಅಪಾಯವಿದೆ. ಅಲ್ಲಿ ‘ಗೋಪ್ಯ ವಿಚಾರಣೆ’ ಎಂದೇ ಬರೆಯಬೇಕು.